ವಿದ್ಯಾರ್ಥಿಗೆ ಅಲ್ಲೇನು ಕೆಲಸ?

ಅಮೆರಿಕಕ್ಕೆ ಮನಶ್ಶಾಸ್ತ್ರವನ್ನೋ ಸಾರ್ವಜನಿಕ ಆರೋಗ್ಯವನ್ನೋ ಓದಲು ಹೋದ ನಮ್ಮ ಹುಡುಗ ಹುಡುಗಿಯರಿಗೆ ಒಂದಲ್ಲ ಒಂದು ದಿನ ಮೇಷ್ಟರು ಹೇಳುವ ಮಾತೊಂದಿದೆ: ಸೊಸೈಟಿ ಆಫ್ ಬಿಹೇವಿಯರಲ್ ಮೆಡಿಸಿನ್‌ಗೆ ಸದಸ್ಯರಾಗಿ, ವಿದ್ಯಾರ್ಥಿಗಳಿಗೆ ಶುಲ್ಕ ಕಡಿಮೆ. 1978ರಲ್ಲಿ ಹುಟ್ಟಿದ ಸಂಸ್ಥೆ ಅದು. ಹೆಸರು ಕೇಳಿದ ದಿನವೇ ಅನುಮಾನಗಳೂ ಶುರುವಾಗುತ್ತವೆ. ಸೀನಿಯರ್ ಹೇಳಿದ್ದು, ರೂಮ್‌ಮೇಟ್ ಕೇಳಿದ್ದು, ಊರಿಂದ ಹೊತ್ತು ತಂದದ್ದು, ಹೀಗೆ. ಇವುಗಳಲ್ಲಿ ಬಹುಪಾಲು ನಾವೂ ನಂಬಿದ್ದವೇ.

ಬಿಹೇವಿಯರಲ್ ಮೆಡಿಸಿನ್ ಎಂದರೆ ನಡತೆ ತಿದ್ದುವ ವಿದ್ಯೆ, ಹೆಚ್ಚೆಂದರೆ ಮನೋರೋಗ ಚಿಕಿತ್ಸೆಗೆ ಇನ್ನೊಂದು ಹೆಸರು ಎಂಬುದು ಮೊದಲ ನಂಬಿಕೆ.

ವಾಸ್ತವ: ಇದರ ಗಮನ ಬಹುಮಟ್ಟಿಗೆ ಮೈಯ ಕಾಯಿಲೆಗಳ ಮೇಲೆ. ಸಕ್ಕರೆ ಕಾಯಿಲೆ, ಬಿಪಿ, ಹೃದಯ, ಕ್ಯಾನ್ಸರ್, ಬಿಡದ ನೋವು. ಇವುಗಳಲ್ಲಿ ಮನುಷ್ಯನ ಊಟ, ನಿದ್ದೆ, ನಡಿಗೆ, ಬೀಡಿ, ಮಾತ್ರೆ ನುಂಗುವ ಅಥವಾ ನುಂಗದಿರುವ ಅಭ್ಯಾಸ ಏನು ಮಾಡುತ್ತದೆ, ಅದನ್ನು ಬದಲಿಸಬಹುದೇ ಎಂಬುದೇ ಪ್ರಶ್ನೆ. ದೀರ್ಘಕಾಲದ ಔಷಧಿಯನ್ನು ಹೇಳಿದಂತೆ ತೆಗೆದುಕೊಳ್ಳುವವರು ಮುಂದುವರಿದ ದೇಶಗಳಲ್ಲೂ ಸರಾಸರಿ ಅರ್ಧದಷ್ಟು ಮಾತ್ರ ಎಂದು ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲೇ ಹೇಳಿತ್ತು. ಮಾತ್ರೆ ಎಷ್ಟು ಒಳ್ಳೆಯದಾದರೇನು, ಡಬ್ಬಿಯಲ್ಲೇ ಉಳಿದರೆ?

ಬರೀ ಬುದ್ಧಿವಾದದಿಂದ ಕಾಯಿಲೆ ನಿಲ್ಲುತ್ತದೆಯೇ ಎಂದು ನಾವೂ ಮೂಗು ಮುರಿದವರೇ. ನಿಜ, ಬುದ್ಧಿವಾದದಿಂದ ನಿಲ್ಲುವುದಿಲ್ಲ. ಆದರೆ 2002ರಲ್ಲಿ ಪ್ರಕಟವಾದ ಅಮೆರಿಕದ ಮಧುಮೇಹ ತಡೆ ಅಧ್ಯಯನ ನೋಡಿ. ಮೂರು ಸಾವಿರಕ್ಕೂ ಹೆಚ್ಚು ಜನ. ಒಂದು ಗುಂಪಿಗೆ ಮೆಟ್‌ಫಾರ್ಮಿನ್ ಮಾತ್ರೆ. ಇನ್ನೊಂದಕ್ಕೆ ವಾರಕ್ಕೆ 150 ನಿಮಿಷ ನಡಿಗೆಯಂಥ ವ್ಯಾಯಾಮ, ತೂಕದಲ್ಲಿ ಶೇ. 7 ಇಳಿಕೆ, ಅದಕ್ಕಾಗಿ ಕೈಹಿಡಿದು ನಡೆಸುವ ತರಬೇತುದಾರರು. ಮಧುಮೇಹ ಬರುವ ಪ್ರಮಾಣ ಮಾತ್ರೆಯಿಂದ ಶೇ. 31 ತಗ್ಗಿತು, ಜೀವನಕ್ರಮದಿಂದ ಶೇ. 58. ನಮ್ಮವರ ಮೈಗೆ ಇದು ಒಗ್ಗೀತೇ ಎನ್ನುವವರಿಗೆ ಚೆನ್ನೈ ಕೇಂದ್ರಿತ ಅಧ್ಯಯನವೂ ಉಂಟು. 2006ರಲ್ಲಿ ಬಂದ ಅದರ ಲೆಕ್ಕದಲ್ಲಿ ಜೀವನಕ್ರಮದಿಂದ ಶೇ. 28.5, ಮೆಟ್‌ಫಾರ್ಮಿನ್‌ನಿಂದ ಶೇ. 26.4 ಇಳಿಕೆ. ಎರಡೂ ಸೇರಿಸಿದರೆ ಇನ್ನೂ ಹೆಚ್ಚು ಸಿಗಬೇಕಲ್ಲವೇ? ಸಿಗಲಿಲ್ಲ. ಇಂಥ ಕಡೆಯೇ ವಿದ್ಯಾರ್ಥಿಗೆ ಕೆಲಸವಿರುವುದು.

ಆ ಸೊಸೈಟಿ ಮನಶ್ಶಾಸ್ತ್ರದವರ ಮನೆ, ಬೇರೆಯವರಿಗೆ ಬಾಗಿಲಿಲ್ಲ ಎನ್ನುತ್ತಾರೆ.

ವಾಸ್ತವ: ವೈದ್ಯರು, ನರ್ಸುಗಳು, ಆಹಾರ ತಜ್ಞರು, ಸಾರ್ವಜನಿಕ ಆರೋಗ್ಯದವರು ಎಲ್ಲರೂ ಇದ್ದಾರೆ.

ಸಂಸ್ಥೆ ದೊಡ್ಡವರದು, ವಿದ್ಯಾರ್ಥಿಗಳು ಕುರ್ಚಿ ಹಾಕಲು, ಬ್ಯಾಡ್ಜ್ ಹಂಚಲು ಎಂಬ ಮಾತು ಇನ್ನೂ ಗಟ್ಟಿ.

ವಾಸ್ತವ: ಊರ ಕಡೆಯ ಸಮ್ಮೇಳನಗಳಲ್ಲಿ ಹೂಗುಚ್ಛ ಹಿಡಿದು ನಿಂತ ಅನುಭವದಿಂದ ಈ ನಂಬಿಕೆ ಬಂದಿರಬೇಕು, ತಪ್ಪೆನ್ನಲಾಗದು. ಆದರೆ ಈ ಸಂಸ್ಥೆಯಲ್ಲಿ ಕ್ಯಾನ್ಸರ್, ಮಧುಮೇಹದಂಥ ವಿಷಯಗಳಿಗೆ ಇರುವಂತೆಯೇ ವಿದ್ಯಾರ್ಥಿಗಳಿಗೂ ತಮ್ಮದೇ ಆಸಕ್ತಿ ಬಳಗವಿದೆ. ಒಳ್ಳೆಯ ಡಾಕ್ಟರೇಟ್ ಪ್ರಬಂಧಕ್ಕೆ ಪ್ರಶಸ್ತಿಯಿದೆ. ಗೋಷ್ಠಿ ಯೋಜಿಸುವುದು, ಯಾರನ್ನು ಕರೆಯಬೇಕೆಂದು ಚರ್ಚಿಸುವುದು, ಉತ್ತರ ಬಾರದ ಇಮೇಲ್‌ಗೆ ಮೂರನೇ ಸಲ ನೆನಪಿಸುವುದು, ಇದೆಲ್ಲ ಪಠ್ಯದಲ್ಲಿಲ್ಲದ ವೃತ್ತಿ ಶಿಕ್ಷಣ. ಕುರ್ಚಿ ಹಾಕುವ ಪ್ರಸಂಗ ಬಂದರೂ ಬಂದೀತು, ಹಾಕಿದರೆ ಕೈ ಸವೆಯುವುದಿಲ್ಲ.

ಭಾಷಣದ ಅವಕಾಶ ಸಿಗದವರಿಗೆ ಕೊಡುವ ಸಮಾಧಾನಕರ ಬಹುಮಾನವೇ ಪೋಸ್ಟರ್ ಎಂದೂ ತಿಳಿದಿದ್ದೆವು.

ವಾಸ್ತವ: ವೇದಿಕೆಯಲ್ಲಿ ನಿಂತವನಿಗೆ ಸಿಗುವುದು ಹತ್ತು ಹನ್ನೆರಡು ನಿಮಿಷ, ಒಂದೆರಡು ಪ್ರಶ್ನೆ, ಚಪ್ಪಾಳೆ. ಪೋಸ್ಟರ್ ಮುಂದೆ ನಿಂತವಳು ತಪ್ಪಿಸಿಕೊಳ್ಳುವಂತಿಲ್ಲ. ನಮ್ಮ ಮೊದಲ ಪೋಸ್ಟರ್ ವಿಮಾನದಲ್ಲಿ ಕೊಳವೆಯೊಳಗೆ ಮಲಗಿ ಬಂದ ನಾಲ್ಕಡಿ ಹಾಳೆ. ಎಷ್ಟು ಪಿನ್ ಚುಚ್ಚಿದರೂ ಕೆಳಗಿನ ಮೂಲೆ ಸುರುಳಿ ಸುತ್ತಿಕೊಳ್ಳುತ್ತಿತ್ತು. ಬಿಪಿ ಮಾತ್ರೆ ನೆನಪಿಸುವ ಎಸ್‌ಎಂಎಸ್ ಬಗ್ಗೆ ಪುಟ್ಟ ಅಧ್ಯಯನ. ಮುಕ್ಕಾಲು ಗಂಟೆ ಯಾರೂ ನಿಲ್ಲಲಿಲ್ಲ. ಆಮೇಲೆ ವಯಸ್ಸಾದ ನರ್ಸ್ ಒಬ್ಬರು ಬಂದು, ಮೂಲೆಯನ್ನು ಬೆರಳಿಂದ ಒತ್ತಿ ಹಿಡಿದು ಕೊನೆಯ ಸಾಲಿನವರೆಗೂ ಓದಿ ಕೇಳಿದ್ದು ಒಂದೇ ಪ್ರಶ್ನೆ: ಈ ಮನೆಗಳಲ್ಲಿ ಫೋನು ಯಾರ ಕೈಯಲ್ಲಿರುತ್ತದೆ? ನಮ್ಮ ಪ್ರಶ್ನಾವಳಿಯಲ್ಲಿ ಅದಿರಲಿಲ್ಲ. ಸಂದೇಶ ಹೋಗುತ್ತಿದ್ದದ್ದು ಅಜ್ಜನಿಗಲ್ಲ, ಮೊಮ್ಮಗನಿಗೆ ಇದ್ದೀತು ಎಂದು ಹೊಳೆದಾಗ ಮುಖ ಬಿಸಿಯಾಯಿತು. ಮುಂದಿನ ಅಧ್ಯಯನ ಶುರುವಾದದ್ದೇ ಆ ಪ್ರಶ್ನೆಯಿಂದ.

ಬೆಳೆಯಬೇಕಾದರೆ ದೊಡ್ಡ ಹೆಸರಿನವರಿಗೆ ಬಕೆಟ್ ಹಿಡಿಯಬೇಕು, ಅದನ್ನೇ ನಾಜೂಕಾಗಿ ನೆಟ್‌ವರ್ಕಿಂಗ್ ಎನ್ನುತ್ತಾರೆ ಎಂಬ ಸಿಟ್ಟು ಬಹಳ ಜನಕ್ಕಿದೆ.

ವಾಸ್ತವ: ಬಕೆಟ್ ಹಿಡಿಯುವವರು ಅಲ್ಲೂ ಇದ್ದಾರೆ, ಇಲ್ಲವೆಂದರೆ ಸುಳ್ಳಾದೀತು. ಆದರೆ ಹಿರಿಯ ಸಂಶೋಧಕರಿಗೆ ಹೊಗಳಿಕೆ ಸಾಕಷ್ಟು ಸಿಕ್ಕಿರುತ್ತದೆ. ತಮ್ಮ ಲೇಖನದ ಎರಡನೇ ಕೋಷ್ಟಕದ ಬಗ್ಗೆ ಕೇಳುವವರು ಅಪರೂಪ. ಅಂಥ ಒಂದು ಪ್ರಶ್ನೆ ಕೈಯಲ್ಲಿದ್ದರೆ ಮಾತಿಗೆ ಬೇರೆ ಪೀಠಿಕೆ ಬೇಡ. ಇನ್ನೊಂದು ವಿಷಯ, ಮುಂದೆ ಹತ್ತಾರು ವರ್ಷ ಜೊತೆಗೆ ಬರುವವರು ಪಕ್ಕದ ಪೋಸ್ಟರ್‌ನ ಓರಗೆಯವರು. ಅವರನ್ನು ಬಿಟ್ಟು ನಾವು ದೊಡ್ಡವರ ಹಿಂದೆ ಓಡಿದ್ದೆವು.

ಸದಸ್ಯತ್ವದ ಕಾರ್ಡು ಸಿಕ್ಕರೆ ಚಿಕಿತ್ಸೆ ಕೊಡುವ ಅರ್ಹತೆ ಬಂದ ಹಾಗೆ ಎಂದು ಕೆಲವರು ಬಯೋಡೇಟಾದಲ್ಲಿ ದಪ್ಪಕ್ಷರದಲ್ಲಿ ಬರೆದುಕೊಳ್ಳುತ್ತಾರೆ.

ವಾಸ್ತವ: ಇಲ್ಲ. ಅಮೆರಿಕದಲ್ಲಿ ಆಯಾ ರಾಜ್ಯದ ಪರವಾನಗಿ ಬೇಕು, ಭಾರತದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ಸದಸ್ಯತ್ವ ಇದ್ಯಾವುದಕ್ಕೂ ಬದಲಿಯಲ್ಲ.

ಇದಕ್ಕೆಲ್ಲ ಅಮೆರಿಕಕ್ಕೇ ಹೋಗಬೇಕೆಂಬ ಕೊರಗೂ ಇದೆ.

ವಾಸ್ತವ: ಬೆಂಗಳೂರಿನ ನಿಮ್ಹಾನ್ಸ್‌ನ ಕ್ಲಿನಿಕಲ್ ಸೈಕಾಲಜಿ ವಿಭಾಗದಲ್ಲೇ ಬಿಹೇವಿಯರಲ್ ಮೆಡಿಸಿನ್ ಘಟಕವಿದೆ. ಈ ಕ್ಷೇತ್ರಕ್ಕೇ ಅಂತರರಾಷ್ಟ್ರೀಯ ಸಂಸ್ಥೆಯೊಂದು 1990ರಿಂದ ಇದೆ. ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ನಡೆಯಬೇಕಿದ್ದ ಅಮೆರಿಕದ ಸೊಸೈಟಿಯ 2020ರ ಸಮ್ಮೇಳನವಂತೂ ಕೋವಿಡ್‌ನಿಂದ ರದ್ದಾಗಿ, ಅಲ್ಲಿದ್ದವರಿಗೂ ದಕ್ಕಲಿಲ್ಲ.

ಕೊನೆಯದು, ನಗುವಂತಿಲ್ಲ, ನಾವೂ ಪಾಲಿಸಿದ್ದು. ವಸಂತದ ಸಮ್ಮೇಳನಕ್ಕೆ ಸಾರಾಂಶ ಕಳಿಸುವ ಗಡುವು ಸಾಮಾನ್ಯವಾಗಿ ಹಿಂದಿನ ವರ್ಷದ ಸೆಪ್ಟೆಂಬರ್ ಆಸುಪಾಸು. ಅಂದರೆ ನಮ್ಮ ಪಿತೃಪಕ್ಷ ಅಡ್ಡ ಬರುವ ಕಾಲ. ಆಗ ಕಳಿಸಿದ್ದು ತಿರಸ್ಕೃತವಾಗುತ್ತದೆ, ರಾಹುಕಾಲದಲ್ಲಿ ಸಬ್ಮಿಟ್ ಒತ್ತಿದರೆ ಕೇಳಲೇಬೇಡಿ ಎಂಬ ಭಯ.

ವಾಸ್ತವ: ರಾಹುಕಾಲ ಸೂರ್ಯೋದಯದ ಲೆಕ್ಕ. ಅಮೆರಿಕದ ಗಡಿಯಾರದ ಗಡುವಿಗೆ ಯಾವ ಊರಿನ ಸೂರ್ಯ? ವಿಮರ್ಶಕರು ನೋಡುವುದು ಪ್ರಶ್ನೆ ಸ್ಪಷ್ಟವಿದೆಯೇ, ವಿಧಾನ ಸರಿಯೇ, ಸಿಕ್ಕಿದ್ದೇನು ಎಂದು. ನಮ್ಮ ಗೆಳೆಯನೊಬ್ಬ ಮೈಸೂರಿನ ಪಂಚಾಂಗ, ತಾನಿದ್ದ ಊರಿನ ಸೂರ್ಯೋದಯ ಎರಡನ್ನೂ ಹೊಂದಿಸಿ, ಶುಭಗಳಿಗೆಯಲ್ಲೇ ಕಳಿಸಿದ. ತಿರಸ್ಕೃತವಾಯಿತು. ಫಲಿತಾಂಶದ ಜಾಗದಲ್ಲಿ, ವಿಶ್ಲೇಷಣೆ ನಡೆಯುತ್ತಿದೆ ಎಂದಷ್ಟೇ ಬರೆದಿದ್ದ.