ನಿಂಬೆ ಘಮದ ಗಾಂಜಾ: ನಂಬಿಕೆ ಎಷ್ಟು, ನಿಜ ಎಷ್ಟು?

ಆಮ್‌ಸ್ಟರ್‌ಡ್ಯಾಮಿನ ಗ್ರೀನ್ ಹೌಸ್ ಸೀಡ್ ಕಂಪನಿ ಬೆಳೆಸಿದ ‘ಸೂಪರ್ ಲೆಮನ್ ಹೇಜ್’ ತಳಿ 2008 ಮತ್ತು 2009ರಲ್ಲಿ ಸತತವಾಗಿ ಅಲ್ಲಿನ ‘ಕ್ಯಾನಬಿಸ್ ಕಪ್’ ಗೆದ್ದಿತು. ಗಾಂಜಾಕ್ಕೂ ಒಂದು ಕಪ್ಪೇ ಎಂದು ಹುಬ್ಬೇರಿಸಬೇಡಿ, ಇತ್ತು. ಆ ಹೆಸರಿನ ಬೆನ್ನಿಗೇ ಒಂದಷ್ಟು ಕಥೆಗಳೂ ಹಬ್ಬಿವೆ.

ನಿಂಬೆಗೂ ಗಾಂಜಾಕ್ಕೂ ಕಸಿ ಮಾಡಿ ಪಡೆದ ಹೈಬ್ರಿಡ್ ಇದು ಎಂಬುದು ಒಂದು. ಶುದ್ಧ ಸುಳ್ಳು. ನಿಂಬೆಯದು ರೂಟೇಸಿ ಕುಟುಂಬ, ಗಾಂಜಾದ್ದು ಕ್ಯಾನಬೇಸಿ. ಬಿಯರಿಗೆ ಕಹಿ ಕೊಡುವ ಹಾಪ್ಸ್ ಬಳ್ಳಿ ಬೇಕಾದರೆ ಗಾಂಜಾದ ದಾಯಾದಿ. ಇಲ್ಲಿ ಹೈಬ್ರಿಡ್ ಎಂದರೆ ಲೆಮನ್ ಸ್ಕಂಕ್, ಸೂಪರ್ ಸಿಲ್ವರ್ ಹೇಜ್ ಎಂಬ ಎರಡು ಗಾಂಜಾ ತಳಿಗಳ ಸಂಕರ, ಅಷ್ಟೇ.

ಹಾಗಾದರೆ ಘಮ ಎಲ್ಲಿಂದ? ಹೂವಿನ ಮೇಲಿನ ಅಂಟುಅಂಟಾದ ಸೂಕ್ಷ್ಮ ರೋಮಗಳಲ್ಲಿ ಟರ್ಪೀನ್ ಎಂಬ ಸುವಾಸನೆಯ ರಾಸಾಯನಿಕಗಳು ತಯಾರಾಗುತ್ತವೆ. ಅವುಗಳಲ್ಲೊಂದು ಲಿಮೊನೀನ್. ಕಿತ್ತಳೆ ಸಿಪ್ಪೆಯ ಎಣ್ಣೆಯಲ್ಲಿ ಶೇ 90ಕ್ಕೂ ಹೆಚ್ಚು ಇರುವುದು ಇದೇ. ಆದರೆ ನಿಂಬೆ ಘಮ ಬಂದ ಮಾತ್ರಕ್ಕೆ ಲಿಮೊನೀನೇ ಹೇರಳ ಎನ್ನಲಾಗದು. ಈ ತಳಿಯಲ್ಲಿ ಎಷ್ಟೋ ಸಲ ಟರ್ಪಿನೊಲೀನ್ ಮುಂದಿರುತ್ತದೆ. ಕೆಲವು ತಳಿಗಳ ಹಣ್ಣಿನ ವಾಸನೆಗೆ ಅತ್ಯಲ್ಪ ಪ್ರಮಾಣದ ಗಂಧಕದ ಸಂಯುಕ್ತಗಳೂ ಕಾರಣ.

‘ಘಾಟು ಜಾಸ್ತಿ ಇದ್ದರೆ ಅಮಲೂ ಜಾಸ್ತಿ’ ಎಂಬ ಮಾತೂ ಕೇಳುತ್ತೇವೆ. ಅಮಲು ಬರಿಸುವ ಟಿಎಚ್‌ಸಿಗೆ ವಾಸನೆಯೇ ಇಲ್ಲ! ಮೂಗಿನಿಂದ ಅದರ ಪ್ರಮಾಣ ಅಳೆಯಲು ಬರುವುದಿಲ್ಲ.

‘ಸಟೈವಾ ಉಲ್ಲಾಸಕ್ಕೆ, ಇಂಡಿಕಾ ನಿದ್ದೆಗೆ, ಹೈಬ್ರಿಡ್ ಎರಡಕ್ಕೂ’ ಎಂದು ತಳಿಗಳಿಗೆ ಹಣೆಪಟ್ಟಿ ಹಚ್ಚುವುದಂತೂ ಅಂಗಡಿಯವರ ಮಂತ್ರ. 2021ರಲ್ಲಿ ‘ನೇಚರ್ ಪ್ಲಾಂಟ್ಸ್’ ಪತ್ರಿಕೆಯಲ್ಲಿ ಬಂದ ಸಂಶೋಧನೆ ಈ ಹಣೆಪಟ್ಟಿಗಳನ್ನು ಗಿಡಗಳ ವಂಶವಾಹಿಗಳೊಂದಿಗೆ ಹೋಲಿಸಿ ನೋಡಿತು. ಒಟ್ಟು ತಳಿಗುಣಕ್ಕೂ ಹಣೆಪಟ್ಟಿಗೂ ತಾಳಮೇಳವಿರಲಿಲ್ಲ. ಕೆಲವೇ ಟರ್ಪೀನುಗಳ ಮಟ್ಟಿಗೆ ಮಾತ್ರ ನಂಟು ಕಂಡಿತು. ಬೆಳೆಗಾರರು ಮೂಸಿ ನೋಡಿ ಹೆಸರಿಟ್ಟಂತಿದೆ.

ನಿಂಬೆ ತಳಿ ಆತಂಕ ಓಡಿಸುತ್ತದೆ ಎನ್ನುವವರ ಕೈಗೆ 2024ರಲ್ಲಿ ಒಂದು ಅಧ್ಯಯನ ಸಿಕ್ಕಿತು. ಅದನ್ನು ಪೂರ್ತಿ ಓದಿದವರು ಕಡಿಮೆ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ತಂಡ 20 ಆರೋಗ್ಯವಂತರಿಗೆ ಟಿಎಚ್‌ಸಿ ಮತ್ತು ಲಿಮೊನೀನ್ ಆವಿ ಕೊಟ್ಟು ನೋಡಿತ್ತು. 30 ಮಿಲಿಗ್ರಾಂ ಟಿಎಚ್‌ಸಿ ಜೊತೆ 15 ಮಿಲಿಗ್ರಾಂ ಲಿಮೊನೀನ್ ಸೇರಿದಾಗ ಆತಂಕ ಕಡಿಮೆಯಾಯಿತು ನಿಜ. ಆದರೆ ಆ ಆತಂಕ ಹುಟ್ಟಿಸಿದ್ದೇ ಟಿಎಚ್‌ಸಿ! ಟಿಎಚ್‌ಸಿಯ ಅರ್ಧದಷ್ಟು ಲಿಮೊನೀನ್ ಗಾಂಜಾ ಹೂವಿನಲ್ಲಿ ಸಾಮಾನ್ಯವಾಗಿ ಇರುವುದೂ ಇಲ್ಲ. ಇದನ್ನು ಔಷಧಿ ಎಂದುಕೊಳ್ಳುವುದು ದುಡುಕು.

ಇನ್ನು ನಮ್ಮೂರಿನ ಮಾತು. ಥಾಯ್ಲೆಂಡಿನಿಂದ ಬಂದು ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಸಿಕ್ಕಿಬೀಳುವ ‘ಹೈಡ್ರೊ’ (ಮಣ್ಣಿಲ್ಲದೆ ಬೆಳೆಸಿದ ಗಾಂಜಾ) ಬೇರೆಯದೇ ಸರಕು, ಅದಕ್ಕೆ ಕಾನೂನೂ ಬೇರೆ ಎಂದು ಭಾವಿಸಿದವರಿದ್ದಾರೆ. ಆದರೆ 1985ರ ಮಾದಕವಸ್ತು ತಡೆಯ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಾಂಜಾ ಗಿಡದ ಹೂಗೊಂಚಲು ಯಾವ ತಳಿಯದಾದರೂ, ಯಾವ ಹೆಸರಿನದಾದರೂ ಗಾಂಜಾವೇ. ಒಂದು ಕಿಲೋವರೆಗಿನ ‘ಅಲ್ಪ ಪ್ರಮಾಣ’ ಇಟ್ಟುಕೊಂಡರೂ ಒಂದು ವರ್ಷದವರೆಗೆ ಕಠಿಣ ಸೆರೆವಾಸ, ಅಥವಾ ಹತ್ತು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.