ನಾಳೆಯ ಖಾತೆಗೆ ಬರೆದ ಸಾಲ: ಜನರಲ್ ಮೋಟಾರ್ಸ್ ಏಳುಬೀಳಿನ ಪಾಠ

2009ರ ಜೂನ್ 1ರಂದು ಜನರಲ್ ಮೋಟಾರ್ಸ್ ಕಂಪೆನಿ ನ್ಯೂಯಾರ್ಕಿನ ದಿವಾಳಿ ನ್ಯಾಯಾಲಯದ ಮೆಟ್ಟಿಲು ಹತ್ತಿತು. ಅದು ಸಲ್ಲಿಸಿದ ಪತ್ರಗಳ ಪ್ರಕಾರ ಕಂಪೆನಿಯ ಆಸ್ತಿ 8,230 ಕೋಟಿ ಡಾಲರ್. ಹೊಣೆಗಾರಿಕೆ 17,280 ಕೋಟಿ ಡಾಲರ್. ಒಂದು ಕಾಲಕ್ಕೆ ಅಮೆರಿಕದಲ್ಲಿ ಮಾರಾಟವಾಗುವ ಪ್ರತಿ ಎರಡು ಕಾರುಗಳಲ್ಲಿ ಒಂದನ್ನು ತಯಾರಿಸುತ್ತಿದ್ದ, ಮುಕ್ಕಾಲು ಶತಮಾನ ಕಾಲ ಜಗತ್ತಿನ ಅತಿದೊಡ್ಡ ಕಾರು ತಯಾರಕ ಎಂಬ ಪಟ್ಟವನ್ನು ಉಳಿಸಿಕೊಂಡಿದ್ದ ಸಂಸ್ಥೆಯ ಸಾಲ ಅದರ ಆಸ್ತಿಯ ಎರಡು ಪಟ್ಟನ್ನೂ ಮೀರಿತ್ತು.

ಈ ಪತನಕ್ಕೆ ಎರಡು ಸಿದ್ಧ ಉತ್ತರಗಳಿವೆ. ಕಾರ್ಮಿಕ ಸಂಘಟನೆಗಳ ದುರಾಸೆ ಎಂಬುದು ಒಂದು. ಜಪಾನೀಯರ ಜಾಣ್ಮೆ ಎಂಬುದು ಇನ್ನೊಂದು. ಎರಡರಲ್ಲೂ ಸತ್ಯಾಂಶವಿದೆ. ಆದರೆ ಕಂಪೆನಿಯ ಚರಿತ್ರೆಯನ್ನು ಅದರ ಲೆಕ್ಕಪತ್ರಗಳ ಪಕ್ಕದಲ್ಲಿಟ್ಟು ಓದಿದಾಗ ಇವೆರಡಕ್ಕಿಂತಲೂ ಆಳವಾದ ಒಂದು ದೋಷ ನನಗೆ ಕಾಣುತ್ತದೆ. ಇಂದು ಭರಿಸಬೇಕಾದ ವೆಚ್ಚವನ್ನು ನಾಳೆಯವರ ಹೆಗಲಿಗೆ ದಾಟಿಸುವ ಅಭ್ಯಾಸವೇ ಆ ದೋಷ.

ಮಿಷಿಗನ್ ರಾಜ್ಯದ ಫ್ಲಿಂಟ್ ಪಟ್ಟಣದಲ್ಲಿ ಕುದುರೆಗಾಡಿ ತಯಾರಿಸಿ ಶ್ರೀಮಂತರಾಗಿದ್ದ ವಿಲಿಯಂ ಡ್ಯುರಾಂಟ್ 1908ರ ಸೆಪ್ಟೆಂಬರ್ 16ರಂದು ಜನರಲ್ ಮೋಟಾರ್ಸ್ ಸ್ಥಾಪಿಸಿದರು. ಬ್ಯೂಯಿಕ್ ಅವರ ಕೈಯಲ್ಲಿತ್ತು. ಓಲ್ಡ್ಸ್‌ಮೊಬೈಲ್, ಕ್ಯಾಡಿಲಾಕ್ ಕಂಪೆನಿಗಳನ್ನು ಬಹುಬೇಗ ಕೊಂಡರು. ಕೊಳ್ಳುವ ಭರದಲ್ಲಿ ಸಾಲ ಬೆಳೆಯಿತು. 1910ರಲ್ಲಿ ಬ್ಯಾಂಕುಗಳು ಅವರನ್ನು ಅಧಿಕಾರದಿಂದ ಇಳಿಸಿದವು. ಛಲ ಬಿಡದ ಡ್ಯುರಾಂಟ್, ಲೂಯಿ ಷೆವರ್ಲೆ ಎಂಬ ರೇಸ್ ಚಾಲಕನೊಡನೆ ಹೊಸ ಕಂಪೆನಿ ಕಟ್ಟಿ, ಅದರ ಬಲದಿಂದ 1916ರ ಹೊತ್ತಿಗೆ ಜನರಲ್ ಮೋಟಾರ್ಸನ್ನು ಮತ್ತೆ ವಶಪಡಿಸಿಕೊಂಡರು. 1920ರಲ್ಲಿ ಎರಡನೆಯ ಬಾರಿ ಕಳೆದುಕೊಂಡರು. ಬದುಕಿನ ಕೊನೆಗಾಲದಲ್ಲಿ ಅವರು ಅದೇ ಫ್ಲಿಂಟ್‌ನಲ್ಲಿ ಬೌಲಿಂಗ್ ಆಟದ ಅಂಗಣವೊಂದನ್ನು ನಡೆಸುತ್ತಿದ್ದರು.

ಡ್ಯುರಾಂಟ್ ಬಿಟ್ಟುಹೋದ ಗೊಂದಲವನ್ನು ವ್ಯವಸ್ಥೆಯಾಗಿ ಮಾರ್ಪಡಿಸಿದವರು 1923ರಲ್ಲಿ ಅಧ್ಯಕ್ಷರಾದ ಆಲ್ಫ್ರೆಡ್ ಸ್ಲೋನ್. ಎಂಬತ್ತರ ದಶಕದ ಆರಂಭದಲ್ಲಿ ನಾವು ಅರ್ಥಶಾಸ್ತ್ರದ ಸ್ನಾತಕೋತ್ತರ ತರಗತಿಯಲ್ಲಿ ಓದುತ್ತಿದ್ದಾಗ ಬೃಹತ್ ಉದ್ಯಮದ ಆಡಳಿತಕ್ಕೆ ಆದರ್ಶವಾಗಿ ತೋರಿಸುತ್ತಿದ್ದುದು ಸ್ಲೋನ್ ಪದ್ಧತಿಯನ್ನೇ. ಪ್ರತಿ ವಿಭಾಗಕ್ಕೂ ತನ್ನ ಕಾರು, ತನ್ನ ಗ್ರಾಹಕ, ತನ್ನ ಲಾಭ-ನಷ್ಟ. ಹಣಕಾಸಿನ ಹಗ್ಗ ಮಾತ್ರ ಕೇಂದ್ರ ಕಚೇರಿಯ ಕೈಯಲ್ಲಿ. ಹೆನ್ರಿ ಫೋರ್ಡ್ ಒಂದೇ ಮಾದರಿಯನ್ನು ವರ್ಷಗಟ್ಟಲೆ ಅಗ್ಗದ ದರಕ್ಕೆ ಮಾರುತ್ತಿದ್ದರೆ, ಸ್ಲೋನ್ ಷೆವರ್ಲೆಯಿಂದ ಕ್ಯಾಡಿಲಾಕ್‌ವರೆಗೆ ಆದಾಯಕ್ಕೆ ತಕ್ಕ ಏಣಿಯೊಂದನ್ನು ನಿಲ್ಲಿಸಿದರು. ವರ್ಷಕ್ಕೊಮ್ಮೆ ಮಾದರಿ ಬದಲಾಯಿಸಿ ಕಳೆದ ವರ್ಷದ ಕಾರು ಹಳತಾಗಿ ಕಾಣುವಂತೆ ಮಾಡಿದರು. ಕಂತಿನಲ್ಲಿ ಕೊಳ್ಳುವವರಿಗೆ ಸಾಲ ನೀಡಲು ಕಂಪೆನಿಯದೇ ಹಣಕಾಸು ಸಂಸ್ಥೆ 1919ರಲ್ಲಿಯೇ ಹುಟ್ಟಿತ್ತು. ಇಪ್ಪತ್ತರ ದಶಕ ಮುಗಿಯುವಷ್ಟರಲ್ಲಿ ಫೋರ್ಡ್ ಹಿಂದೆ ಬಿದ್ದಿತ್ತು. ನಾಳೆಯ ಆದಾಯವನ್ನು ಇಂದೇ ವೆಚ್ಚ ಮಾಡುವ ರೂಢಿಯನ್ನು ಮಧ್ಯಮ ವರ್ಗಕ್ಕೆ ಕಲಿಸಿದ ಕಂಪೆನಿ, ಮುಂದೆ ತಾನೇ ಆ ರೂಢಿಗೆ ಬಿದ್ದಿತು.

ಅದು ಬಿದ್ದ ಬಗೆಯನ್ನು ತಿಳಿಯಲು ಕಾರ್ಮಿಕರ ಕಥೆಗೆ ಬರಬೇಕು. 1936ರ ಡಿಸೆಂಬರ್ 30ರಂದು ಫ್ಲಿಂಟ್ ಕಾರ್ಖಾನೆಗಳ ಕೆಲಸಗಾರರು ಯಂತ್ರಗಳನ್ನು ನಿಲ್ಲಿಸಿ ಒಳಗೇ ಧರಣಿ ಕುಳಿತರು. ಅವರನ್ನು ಸೈನಿಕ ಬಲದಿಂದ ಹೊರದಬ್ಬಲು ರಾಜ್ಯಪಾಲ ಫ್ರಾಂಕ್ ಮರ್ಫಿ ಒಪ್ಪಲಿಲ್ಲ. 44 ದಿನಗಳ ನಂತರ ಕಂಪೆನಿ ಕಾರ್ಮಿಕ ಸಂಘಟನೆಯನ್ನು ಮಾನ್ಯ ಮಾಡಿತು. 1950ರಲ್ಲಿ ಸಂಘಟನೆಯ ನಾಯಕ ವಾಲ್ಟರ್ ರೂಥರ್ ಮತ್ತು ಕಂಪೆನಿಯ ಅಧ್ಯಕ್ಷ ಚಾರ್ಲ್ಸ್ ವಿಲ್ಸನ್ ನಡುವೆ ಐದು ವರ್ಷಗಳ ಒಪ್ಪಂದವಾಯಿತು. ‘ಡೆಟ್ರಾಯಿಟ್ ಒಪ್ಪಂದ’ ಎಂದೇ ಅದು ಪ್ರಸಿದ್ಧ. ಬೆಲೆಯೇರಿಕೆಗೆ ಹೊಂದಿಕೊಂಡ ವೇತನ, ಪಿಂಚಣಿ, ಆರೋಗ್ಯ ವಿಮೆ ಕಾರ್ಮಿಕರಿಗೆ. ಐದು ವರ್ಷಗಳ ಶಾಂತಿ ಮತ್ತು ಕಾರ್ಖಾನೆಯ ಮೇಲಿನ ಪೂರ್ಣ ಹಿಡಿತ ಕಂಪೆನಿಗೆ. ರೂಥರ್ ಬಯಸಿದ್ದು ಇಡೀ ದೇಶಕ್ಕೆ ಅನ್ವಯಿಸುವ ಸರ್ಕಾರಿ ಆರೋಗ್ಯ ವಿಮೆಯನ್ನು. ಅದು ಕೈಗೂಡುವ ಲಕ್ಷಣ ಕಾಣದಿದ್ದಾಗ ಕಂಪೆನಿಯಿಂದ ಪಡೆಯಬಹುದಾದುದನ್ನು ಪಡೆದರು. ಹೀಗೆ, ಬೇರೆ ದೇಶಗಳಲ್ಲಿ ಸರ್ಕಾರ ಹೊತ್ತ ಭಾರವನ್ನು ಅಮೆರಿಕದಲ್ಲಿ ಒಂದು ಕಾರು ಕಂಪೆನಿ ಹೊತ್ತಿತು.

ಆಗ ಅದಕ್ಕೆ ಯಾರೂ ಹೆದರಬೇಕಾಗಿರಲಿಲ್ಲ. 1955ರಲ್ಲಿ ಜನರಲ್ ಮೋಟಾರ್ಸ್ ಒಂದೇ ವರ್ಷದಲ್ಲಿ 100 ಕೋಟಿ ಡಾಲರ್‌ಗೂ ಹೆಚ್ಚು ಲಾಭ ಗಳಿಸಿದ ಮೊದಲ ಅಮೆರಿಕನ್ ಕಂಪೆನಿಯಾಯಿತು. 1953ರಲ್ಲಿ ರಕ್ಷಣಾ ಸಚಿವ ಸ್ಥಾನಕ್ಕೆ ನೇಮಕಗೊಂಡ ಅದೇ ವಿಲ್ಸನ್, ದೇಶದ ಹಿತವೂ ಕಂಪೆನಿಯ ಹಿತವೂ ಬೇರೆಯಲ್ಲ ಎಂಬರ್ಥದ ಮಾತನ್ನು ಸೆನೆಟ್ ಸಮಿತಿಯ ಮುಂದೆ ಆಡಿದ್ದರು. 1962ರಲ್ಲಿ ಕಂಪೆನಿಯ ಅಮೆರಿಕದ ನೌಕರರು 4.64 ಲಕ್ಷ, ಪಿಂಚಣಿ ಪಡೆಯುತ್ತಿದ್ದವರು ಸುಮಾರು 40 ಸಾವಿರ. ಹನ್ನೊಂದಕ್ಕೂ ಹೆಚ್ಚು ಮಂದಿ ದುಡಿದು ಒಬ್ಬ ನಿವೃತ್ತನನ್ನು ಸಾಕುವ ಲೆಕ್ಕ ಅದು. 1970ರಲ್ಲಿ 67 ದಿನಗಳ ಮುಷ್ಕರದ ಬಳಿಕ, 30 ವರ್ಷ ಸೇವೆ ಸಲ್ಲಿಸಿದವರಿಗೆ ಅವಧಿಗೆ ಮುನ್ನವೇ ನಿವೃತ್ತರಾಗುವ ಸೌಲಭ್ಯವೂ ದೊರೆಯಿತು. ವೇತನ ಹೆಚ್ಚಿಸಿದರೆ ಆ ವರ್ಷದ ಲಾಭ ಕುಗ್ಗುತ್ತದೆ. ಪಿಂಚಣಿಯ ವಾಗ್ದಾನ ಮಾಡಿದರೆ ಬಿಲ್ಲು ಬರುವುದು ಮುಂದಿನ ಪೀಳಿಗೆಯ ಆಡಳಿತಗಾರರ ಮೇಜಿಗೆ. ಮೇಜಿನ ಎರಡೂ ಬದಿಯವರಿಗೆ ಇದು ಹಿತವಾಗಿತ್ತು.

ಆಯವ್ಯಯ ಪತ್ರಗಳೊಡನೆ ದಶಕಗಳ ಕಾಲ ಒಡನಾಡಿದ ನನಗೆ ಈ ತರ್ಕ ಅಪರಿಚಿತವಲ್ಲ. ನಮ್ಮ ಸರ್ಕಾರಿ ಲೆಕ್ಕ ನಗದಿನ ಲೆಕ್ಕ. ಈ ವರ್ಷ ಕೈಬಿಟ್ಟ ಹಣ ಮಾತ್ರ ವೆಚ್ಚ. ಇಂದು ನೇಮಕಗೊಂಡ ಗುಮಾಸ್ತನಿಗೆ ಮೂವತ್ತೈದು ವರ್ಷಗಳ ನಂತರ ಕೊಡಬೇಕಾದ ನಿವೃತ್ತಿ ವೇತನ ಇಂದಿನ ಆಯವ್ಯಯದಲ್ಲಿ ಕಾಣುವುದಿಲ್ಲ. ಅಮೆರಿಕದಲ್ಲಿಯೂ ನಿವೃತ್ತರ ವೈದ್ಯಕೀಯ ವೆಚ್ಚ ಹೀಗೆಯೇ ಮರೆಯಲ್ಲಿತ್ತು. ಲೆಕ್ಕಪತ್ರದ ನಿಯಮ ಬದಲಾಗಿ ಆ ಭಾರವನ್ನು ಪುಸ್ತಕಕ್ಕೆ ಏರಿಸಬೇಕಾದ 1992ರಲ್ಲಿ ಜನರಲ್ ಮೋಟಾರ್ಸ್ ತೋರಿಸಿದ ನಷ್ಟ 2,350 ಕೋಟಿ ಡಾಲರ್. ಅಲ್ಲಿಯವರೆಗೆ ಅಮೆರಿಕದ ಯಾವ ಕಂಪೆನಿಯೂ ಅಷ್ಟು ನಷ್ಟ ತೋರಿಸಿರಲಿಲ್ಲ. ಆ ಹೊರೆಯ ಬಹುಪಾಲು ಆ ವರ್ಷ ಹುಟ್ಟಿದ್ದಲ್ಲ. ಆ ವರ್ಷ ಕಣ್ಣಿಗೆ ಬಿದ್ದದ್ದು. 2005ರ ವೇಳೆಗೆ ನೌಕರರ ಸಂಖ್ಯೆ 1.41 ಲಕ್ಷಕ್ಕೆ ಇಳಿದು, ಸೌಲಭ್ಯ ಪಡೆಯುವ ನಿವೃತ್ತರು 4.53 ಲಕ್ಷಕ್ಕೆ ಏರಿದ್ದರು. ಪಿರಮಿಡ್ಡು ತಲೆಕೆಳಗಾಗಿತ್ತು.

ಕಾರಿನ ಗುಣಮಟ್ಟದಲ್ಲಿಯೂ ಇದೇ ಅಭ್ಯಾಸ ಕೆಲಸ ಮಾಡಿತು. 1965ರಲ್ಲಿ ರಾಲ್ಫ್ ನೇಡರ್ ಎಂಬ ಯುವ ವಕೀಲರು ಕಂಪೆನಿಯ ಕೋರ್ವೇರ್ ಕಾರಿನ ಅಪಾಯಗಳನ್ನು ಬಯಲಿಗೆಳೆದಾಗ, ಕಂಪೆನಿ ಅವರ ಬೆನ್ನಿಗೆ ಖಾಸಗಿ ಪತ್ತೇದಾರರನ್ನು ಬಿಟ್ಟಿತು. ಮರುವರ್ಷ ಅಧ್ಯಕ್ಷ ಜೇಮ್ಸ್ ರೋಶ್ ಸೆನೆಟ್ ಸಮಿತಿಯ ಮುಂದೆ ಕ್ಷಮೆ ಕೇಳಬೇಕಾಯಿತು. 1973ರ ತೈಲ ಬಿಕ್ಕಟ್ಟಿನ ನಂತರ ಸಣ್ಣ ಜಪಾನೀ ಕಾರುಗಳು ಮಾರುಕಟ್ಟೆಯನ್ನು ತುಂಬತೊಡಗಿದರೂ, ಹೆಚ್ಚು ಲಾಭ ತರುವ ದೊಡ್ಡ ವಾಹನಗಳ ಮೋಹ ಹೋಗಲಿಲ್ಲ.

ಎಲ್ಲಕ್ಕೂ ಕಾರ್ಮಿಕರೇ ಕಾರಣ ಎನ್ನುವವರು ಕ್ಯಾಲಿಫೋರ್ನಿಯದ ಫ್ರೀಮಾಂಟ್ ಕಾರ್ಖಾನೆಯ ಕಥೆ ಕೇಳಬೇಕು. ಗೈರುಹಾಜರಿಗೂ ಜಗಳಕ್ಕೂ ಹೆಸರಾಗಿದ್ದ ಅದನ್ನು ಕಂಪೆನಿ 1982ರಲ್ಲಿ ಮುಚ್ಚಿತು. 1984ರಲ್ಲಿ ಟೊಯೊಟಾ ಜೊತೆಗೂಡಿ ಮತ್ತೆ ತೆರೆದಾಗ ಬಹುತೇಕ ಅದೇ ಕೆಲಸಗಾರರು, ಅದೇ ಸಂಘಟನೆ. ಬದಲಾದದ್ದು ಆಡಳಿತ. ಹಳೆಯ ಪದ್ಧತಿಯಲ್ಲಿ ಜೋಡಣೆಯ ಸಾಲು ಯಾವ ಕಾರಣಕ್ಕೂ ನಿಲ್ಲುವಂತಿರಲಿಲ್ಲ. ದೋಷವಿದ್ದ ಕಾರು ಹಾಗೆಯೇ ಮುಂದೆ ಸಾಗಿ, ಕೊನೆಯಲ್ಲಿ ಅಂಗಳದಲ್ಲಿ ನಿಂತು ದುರಸ್ತಿಗೆ ಕಾಯುತ್ತಿತ್ತು. ಟೊಯೊಟಾ ಪದ್ಧತಿಯಲ್ಲಿ ದೋಷ ಕಂಡ ಯಾವ ಕೆಲಸಗಾರನೂ ಹಗ್ಗ ಎಳೆದು ಸಾಲನ್ನು ನಿಲ್ಲಿಸಬಹುದಿತ್ತು. ಕೆಲವೇ ವರ್ಷಗಳಲ್ಲಿ ಅಲ್ಲಿನ ಕಾರುಗಳ ಗುಣಮಟ್ಟ ಜಪಾನಿನ ಮಟ್ಟಕ್ಕೆ ಬಂತು. ತಪ್ಪನ್ನು ಹುಟ್ಟಿದ ಜಾಗದಲ್ಲೇ ಸರಿಪಡಿಸುವುದು ಅಗ್ಗ ಎಂಬ ಪಾಠ ಕಣ್ಣೆದುರೇ ಇದ್ದರೂ ಅದು ಉಳಿದ ಕಾರ್ಖಾನೆಗಳಿಗೆ ಹರಡಲು ವರ್ಷಗಳೇ ಹಿಡಿದವು. 2009ರಲ್ಲಿ ಜನರಲ್ ಮೋಟಾರ್ಸ್ ಅಲ್ಲಿಂದ ಹೊರಬಂದಿತು. ಇಂದು ಅದೇ ಕಟ್ಟಡದಲ್ಲಿ ಟೆಸ್ಲಾ ತನ್ನ ವಿದ್ಯುತ್ ಕಾರುಗಳನ್ನು ತಯಾರಿಸುತ್ತಿದೆ. 1996ರಲ್ಲಿಯೇ ‘ಇವಿ1’ ಎಂಬ ವಿದ್ಯುತ್ ಕಾರನ್ನು ರಸ್ತೆಗಿಳಿಸಿ, ಬಳಿಕ ಬಾಡಿಗೆದಾರರಿಂದ ಹಿಂದಕ್ಕೆ ಪಡೆದು ಅವುಗಳಲ್ಲಿ ಬಹುಪಾಲನ್ನು ಜಜ್ಜಿಹಾಕಿದ ಕಂಪೆನಿಗೆ ಇದು ನೋಯಿಸುವ ಸಂಗತಿಯೇ ಸರಿ.

2008ರ ಆರ್ಥಿಕ ಕುಸಿತದಲ್ಲಿ ಸಾಲ ಹುಟ್ಟದೆ ಹೋದಾಗ ಮುಂದೂಡಿದ ಬಿಲ್ಲುಗಳೆಲ್ಲ ಒಟ್ಟಿಗೆ ಬಂದವು. ಅಮೆರಿಕ ಸರ್ಕಾರ ಸುಮಾರು 4,950 ಕೋಟಿ ಡಾಲರ್ ತೊಡಗಿಸಿ ಶೇ 60.8ರಷ್ಟು ಪಾಲು ಪಡೆಯಿತು. ಬಿಡಿಭಾಗ ಪೂರೈಸುವ ಸಾವಿರಾರು ಘಟಕಗಳು ಜೊತೆಗೇ ಮುಳುಗುತ್ತಿದ್ದ ಆ ಘಳಿಗೆಯಲ್ಲಿ ಸರ್ಕಾರ ಕೈಕಟ್ಟಿ ಕೂರಬಾರದಿತ್ತು ಎಂದೇ ನನ್ನ ಅಭಿಪ್ರಾಯ. ಆದರೆ ಬಿಲ್ಲು ತೆತ್ತವರು ಯಾರು ಎಂಬುದನ್ನು ಮರೆಯುವಂತಿಲ್ಲ. ಹಳೆಯ ಷೇರುದಾರರ ಹೂಡಿಕೆ ಶೂನ್ಯವಾಯಿತು. 2013ರ ಡಿಸೆಂಬರ್‌ನಲ್ಲಿ ಸರ್ಕಾರ ಕೊನೆಯ ಷೇರು ಮಾರಿದಾಗ ತೆರಿಗೆದಾರರಿಗೆ ಮರಳಿ ಬಾರದ ಹಣ ಸುಮಾರು 1,120 ಕೋಟಿ ಡಾಲರ್. ನಿವೃತ್ತರ ಆರೋಗ್ಯ ನಿಧಿ ತನಗೆ ಬರಬೇಕಾದ ಹಣದ ಒಂದು ಭಾಗಕ್ಕೆ ಬದಲಾಗಿ ಷೇರುಗಳನ್ನು ಒಪ್ಪಿಕೊಂಡಿತು. ಹೊಸದಾಗಿ ಸೇರಿದ ಕೆಲಸಗಾರರಿಗೆ ಕಡಿಮೆ ವೇತನ. ಹಳಬರಂತೆ ನಿಶ್ಚಿತ ಪಿಂಚಣಿಯೂ ಇಲ್ಲ. 1999ರಲ್ಲಿ ಬೇರ್ಪಡಿಸಿದ್ದ ಬಿಡಿಭಾಗಗಳ ಕಂಪೆನಿ ಡೆಲ್ಫೈನ ಸಂಘಟನೆಯಿಲ್ಲದ ನೌಕರರಲ್ಲಿ ಅನೇಕರು, ದುಡಿದು ಮುಗಿಸಿದ ಮೇಲೆ ತಮ್ಮ ಪಿಂಚಣಿಯ ಒಂದು ಭಾಗವನ್ನೇ ಕಳೆದುಕೊಂಡರು. ವಾಗ್ದಾನಗಳಿಗೆ ಸಹಿ ಹಾಕಿದ್ದವರು ಅಷ್ಟರಲ್ಲಿ ನೇಪಥ್ಯಕ್ಕೆ ಸರಿದಿದ್ದರು.

ದಿವಾಳಿಯಿಂದ ಎದ್ದುಬಂದ ಹೊಸ ಕಂಪೆನಿಯನ್ನೂ ಹಳೆಯ ಪಾಪ ಹಿಂಬಾಲಿಸಿತು. ಇಗ್ನಿಷನ್ ಸ್ವಿಚ್ಚಿನ ದೋಷ ಒಳಗಿನವರಿಗೆ ವರ್ಷಗಳಿಂದ ತಿಳಿದಿತ್ತು. ಚಲಿಸುತ್ತಿದ್ದಂತೆಯೇ ಎಂಜಿನ್ ನಿಂತು, ಅಪಘಾತದಲ್ಲಿ ಏರ್‌ಬ್ಯಾಗ್ ಅರಳದೆ ಜನ ಸಾಯುತ್ತಿದ್ದರು. ಕಾರುಗಳನ್ನು ಹಿಂದಕ್ಕೆ ಕರೆದದ್ದು 2014ರಲ್ಲಿ. ಪರಿಹಾರ ನಿಧಿ ಮಾನ್ಯ ಮಾಡಿದ ಸಾವುಗಳು 124. ಕಂಪೆನಿ ಸರ್ಕಾರಕ್ಕೆ ತೆತ್ತದ್ದು 90 ಕೋಟಿ ಡಾಲರ್. ಆ ಸ್ವಿಚ್ಚಿನ ಬೆಲೆ ಕೆಲವೇ ಡಾಲರ್.

ಭಾರತಕ್ಕೂ ಈ ಕಂಪೆನಿ ಹೊಸದಲ್ಲ. 1928ರಲ್ಲಿ ಆಗಿನ ಬೊಂಬಾಯಿಯಲ್ಲಿ ಜೋಡಣಾ ಘಟಕ ತೆರೆದು 1954ರಲ್ಲಿ ನಿಲ್ಲಿಸಿತು. ತೊಂಬತ್ತರ ದಶಕದಲ್ಲಿ ಗುಜರಾತಿನ ಹಾಲೋಲ್‌ಗೆ ಮರಳಿ ಬಂತು. 2003ರಲ್ಲಿ ಬೆಂಗಳೂರಿನಲ್ಲಿ ತಾಂತ್ರಿಕ ಕೇಂದ್ರ ತೆರೆಯಿತು. 2017ರ ಕೊನೆಗೆ ಇಲ್ಲಿ ಕಾರು ಮಾರುವುದನ್ನೇ ಬಿಟ್ಟಿತು. ಮಹಾರಾಷ್ಟ್ರದ ತಳೇಗಾಂವ್ ಕಾರ್ಖಾನೆ 2020ರ ಡಿಸೆಂಬರ್‌ನಲ್ಲಿ ಉತ್ಪಾದನೆ ನಿಲ್ಲಿಸಿ, ಬಳಿಕ ಹುಂಡೈ ಪಾಲಾಯಿತು.

ಕಂಪೆನಿ ಹುಟ್ಟಿದ ಫ್ಲಿಂಟ್‌ನ ಗತಿ ಇನ್ನೂ ಕರುಣಾಜನಕ. 1978ರಲ್ಲಿ ಸುಮಾರು 80 ಸಾವಿರ ಮಂದಿಗೆ ಅಲ್ಲಿ ಈ ಕಂಪೆನಿ ಉದ್ಯೋಗ ಕೊಟ್ಟಿತ್ತು. 2010ರ ಹೊತ್ತಿಗೆ ಅದರ ಹತ್ತನೇ ಒಂದು ಪಾಲೂ ಉಳಿಯಲಿಲ್ಲ. ಕಂದಾಯ ಕುಸಿದ ನಗರದ ಆಡಳಿತ 2014ರ ಏಪ್ರಿಲ್‌ನಲ್ಲಿ, ಹಣ ಉಳಿಸಲೆಂದು, ಫ್ಲಿಂಟ್ ನದಿಯ ನೀರನ್ನು ಸವಕಳಿ ತಡೆಯುವ ರಾಸಾಯನಿಕ ಬೆರೆಸದೆಯೇ ಕೊಳಾಯಿಗಳಿಗೆ ಬಿಟ್ಟಿತು. ಆ ನೀರು ಎಂಜಿನ್ ಭಾಗಗಳಿಗೆ ತುಕ್ಕು ಹಿಡಿಸುತ್ತಿದೆ ಎಂದು ಜನರಲ್ ಮೋಟಾರ್ಸ್ ಅದೇ ಅಕ್ಟೋಬರ್‌ನಲ್ಲಿ ತನ್ನ ಕಾರ್ಖಾನೆಗೆ ಬೇರೆ ಮೂಲದಿಂದ ನೀರು ತರಿಸಿಕೊಂಡಿತು. ಸೀಸ ಬೆರೆತ ನೀರನ್ನು ನಗರದ ಮಕ್ಕಳು ಇನ್ನೂ ಒಂದು ವರ್ಷ ಕುಡಿದರು.

ಇಂದು ಜನರಲ್ ಮೋಟಾರ್ಸ್ ಮತ್ತೆ ಲಾಭದಲ್ಲಿದೆ. ಆದರೆ 2035ರ ಹೊತ್ತಿಗೆ ಹೊಗೆಯುಗುಳುವ ಹಗುರ ವಾಹನಗಳನ್ನು ಕೈಬಿಡುವ ಗುರಿಯನ್ನು 2021ರಲ್ಲಿ ಸಾರಿದ್ದ ಕಂಪೆನಿ, ಸರ್ಕಾರದ ನೀತಿ ಬದಲಾದಾಗ ವಿದ್ಯುತ್ ಕಾರುಗಳ ಯೋಜನೆ ತಗ್ಗಿಸಿ 2025ರ ಅಕ್ಟೋಬರ್‌ನಲ್ಲಿ 160 ಕೋಟಿ ಡಾಲರ್ ನಷ್ಟ ಬರೆದುಕೊಂಡಿತು.

ಹಳೆಯ ಪದ್ಧತಿಯ ನಿವೃತ್ತಿ ವೇತನ ಪಡೆಯುವವರಲ್ಲಿ ನಾನೂ ಒಬ್ಬ. ಕರ್ನಾಟಕದಲ್ಲಿ 2006ರ ಏಪ್ರಿಲ್ 1ರ ನಂತರ ಸರ್ಕಾರಿ ಸೇವೆಗೆ ಸೇರಿದವರಿಗೆ ಆ ಭಾಗ್ಯ ಸಿಗಲಿಲ್ಲ. ಅದನ್ನು ಮರಳಿ ಕೊಡಿ ಎಂಬ ಅವರ ಬೇಡಿಕೆಯಲ್ಲಿ ನ್ಯಾಯವಿದೆ. ವೃದ್ಧಾಪ್ಯದ ಭದ್ರತೆ ಮಾರುಕಟ್ಟೆಯ ಏರಿಳಿತಕ್ಕೆ ಜೋತುಬೀಳಬಾರದು. ಒಂದು ಕಂಪೆನಿಯ ಅದೃಷ್ಟಕ್ಕಂತೂ ಜೋತುಬೀಳಲೇಬಾರದು ಎಂಬುದಕ್ಕೆ ಡೆಲ್ಫೈ ನೌಕರರೇ ಸಾಕ್ಷಿ. ಆದರೆ ಕೊಡುವ ಸರ್ಕಾರ ಯಾವುದೇ ಇರಲಿ, ವಾಗ್ದಾನ ಮಾಡಿದ ವರ್ಷವೇ ಅದರ ಪೂರ್ಣ ವೆಚ್ಚವನ್ನು ಶಾಸನಸಭೆಯ ಮುಂದಿಟ್ಟು, ಆ ವರ್ಷದಿಂದಲೇ ಹಣ ತೆಗೆದಿಡಬೇಕು. ಅಷ್ಟು ಮಾಡಲು ಒಪ್ಪದವರ ಭರವಸೆಯನ್ನು ನೌಕರರು ನಂಬಬೇಕಾಗಿಲ್ಲ.