ಹೊಳಪೊಂದೇ ಶುಚಿತ್ವವಲ್ಲ: ಆಹಾರ ಯಂತ್ರೋಪಕರಣಗಳ ಉಕ್ಕಿನ ಮೇಲ್ಮೈ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳು ಬೆಂಗಳೂರು ಹಾಲು ಒಕ್ಕೂಟದ ಸಂಗ್ರಹಣಾ ವ್ಯಾಪ್ತಿಗೆ ಸೇರಿವೆ. ಹಳ್ಳಿಯ ಸಂಘದಲ್ಲಿ ಅಳೆದ ಹಾಲು ಸುಮಾರು 4 ಡಿಗ್ರಿ ಸೆಲ್ಸಿಯಸ್‌ಗೆ ತಣಿದು, ಟ್ಯಾಂಕರ್ ಮೂಲಕ ಡೇರಿ ತಲುಪಿ ಪೊಟ್ಟಣವಾಗುವವರೆಗೆ ಸ್ಪರ್ಶಿಸುವ ಮೇಲ್ಮೈ ಬಹುಪಾಲು ಸ್ಟೇನ್‌ಲೆಸ್ ಸ್ಟೀಲ್‌ನದು. ಅದರಲ್ಲಿ ಒರಟಾದ ಒಂದು ಬೆಸುಗೆ ಉಳಿದರೂ ಟ್ಯಾಂಕಿನ ಹಾಲೆಲ್ಲ ಕೆಡುವ ಅಪಾಯವಿದೆ. ಉಪಕರಣ ತಯಾರಿಸಿದ ಸಣ್ಣ ಉದ್ಯಮಿಗೆ ಮಾಲು ಹಿಂದಿರುಗುವ ಭಯ.

ಆದರೂ ಖರೀದಿ ಆದೇಶಗಳಲ್ಲಿ ‘ಮಿರರ್ ಫಿನಿಶ್’ ಎಂದಷ್ಟೇ ಬರೆಯುವುದುಂಟು. ಹೊಳಪು ಅಳತೆಯಲ್ಲ. ಮೇಲ್ಮೈಯ ಏರಿಳಿತಗಳ ಸರಾಸರಿಯನ್ನು ‘ಆರ್‌ಎ’ ಮೌಲ್ಯವೆಂದು ಮೈಕ್ರೋಮೀಟರ್‌ಗಳಲ್ಲಿ ಸೂಚಿಸಲಾಗುತ್ತದೆ. ಆಹಾರ ತಗಲುವ ಭಾಗಗಳಲ್ಲಿ ಇದು 0.8 ಮೀರಬಾರದೆಂಬುದು ವ್ಯಾಪಕವಾಗಿ ಒಪ್ಪಿತವಾದ ಮಿತಿ. ಅನೇಕ ಬ್ಯಾಕ್ಟೀರಿಯಾಗಳ ಗಾತ್ರ ಸುಮಾರು 1 ಮೈಕ್ರೋಮೀಟರ್. ಆಳವಾದ ಗೀರಿನಲ್ಲಿ ನೆಲೆಸಿದ ಅವುಗಳನ್ನು ಕಾಸ್ಟಿಕ್ ದ್ರಾವಣವೂ ಸುಲಭವಾಗಿ ತಲುಪದು.

ಕಾರ್ಖಾನೆಯಿಂದ ಬರುವ ‘2ಬಿ’ ದರ್ಜೆಯ ತಣ್ಣನೆ ಉರುಳಿಸಿದ ಹಾಳೆ ಸಾಮಾನ್ಯವಾಗಿ ಈ ಮಿತಿಯೊಳಗೇ ಇರುತ್ತದೆ. ಅದನ್ನು ದಪ್ಪ ಗ್ರಿಟ್‌ನಿಂದ ಉಜ್ಜಿದರೆ ವೆಚ್ಚವೂ ಹೆಚ್ಚು, ಮೇಲ್ಮೈಯೂ ಒರಟು. ಬಫಿಂಗ್‌ನಲ್ಲಿ ಲೋಹದ ಅಂಚುಗಳು ಮಡಚಿಕೊಂಡು ಪಾಲಿಶ್‌ನ ಕಣಗಳು ಅಡಗಬಹುದು. ಎಲೆಕ್ಟ್ರೋಪಾಲಿಶಿಂಗ್‌ನಲ್ಲಿ ಆಮ್ಲದ್ರಾವಣದೊಳಗೆ ವಿದ್ಯುತ್ ಹಾಯಿಸಿ, ಉಬ್ಬುಗಳನ್ನು ಮೊದಲು ಕರಗಿಸಲಾಗುತ್ತದೆ. ಆದರೆ ಆಳವಾದ ಗೀರು, ಕೆಟ್ಟ ಬೆಸುಗೆಗಳನ್ನು ಅದೂ ಮರೆಸಲಾರದು.

ನಿಜವಾದ ಪರೀಕ್ಷೆ ಬೆಸುಗೆಯಲ್ಲಿ. ಕೊಳವೆಯೊಳಗೆ ಆರ್ಗಾನ್ ಅನಿಲ ಹಾಯಿಸದಿದ್ದರೆ ಒಳಮೈ ಕಪ್ಪಾಗಿ, ಉಕ್ಕನ್ನು ಕಾಯುವ ಕ್ರೋಮಿಯಂ ಆಕ್ಸೈಡ್ ಪದರ ದುರ್ಬಲವಾಗುತ್ತದೆ. ಪಿಕ್ಲಿಂಗ್‌ನಿಂದ ಆ ಕಲೆ ತೆಗೆದು, ನೈಟ್ರಿಕ್ ಅಥವಾ ಸಿಟ್ರಿಕ್ ಆಮ್ಲದಿಂದ ಪ್ಯಾಸಿವೇಶನ್ ಮಾಡಬೇಕು. ಮೈಲ್ಡ್ ಸ್ಟೀಲ್‌ಗೆ ಬಳಸಿದ ಗ್ರೈಂಡಿಂಗ್ ಚಕ್ರ, ತಂತಿ ಬ್ರಷ್‌ಗಳನ್ನು ಇಲ್ಲಿ ಮುಟ್ಟಲೇಬಾರದು. ಅಂಟಿದ ಕಬ್ಬಿಣದ ಕಣಗಳೇ ತುಕ್ಕಿಗೆ ಮೂಲ. ತೊಳೆಯುವ ನೀರಿನಲ್ಲಿ ಕ್ಲೋರೈಡ್ ಹೆಚ್ಚಿದ್ದರೆ 304 ದರ್ಜೆಯಲ್ಲಿ ಗುಳಿ ಬೀಳಬಹುದು. ಮಾಲಿಬ್ಡಿನಮ್ ಬೆರೆತ 316ಎಲ್ ಹೆಚ್ಚು ತಾಳಿಕೊಳ್ಳುತ್ತದೆ. ಕೊಳವೆ ಬಾವಿಯನ್ನು ನಂಬಿದ ಘಟಕಗಳು ನೀರನ್ನು ಪರೀಕ್ಷಿಸಿಯೇ ದರ್ಜೆ ಆಯ್ಕೆ ಮಾಡುವುದು ಲೇಸು.

2011ರ ಆಹಾರ ಸುರಕ್ಷತಾ ಪರವಾನಗಿ ನಿಯಮಗಳೂ ತುಕ್ಕು ಹಿಡಿಯದ, ಸುಲಭವಾಗಿ ಶುಚಿಗೊಳಿಸಬಹುದಾದ ಉಪಕರಣಗಳನ್ನೇ ಬಯಸುತ್ತವೆ. ಆದ್ದರಿಂದ ಉಕ್ಕಿನ ದರ್ಜೆ, ಬೆಸುಗೆಯೂ ಸೇರಿದಂತೆ ಆರ್‌ಎ ಮಿತಿ, ಪ್ಯಾಸಿವೇಶನ್ ಇವು ಮೂರನ್ನೂ ಖರೀದಿದಾರರು ಆದೇಶದಲ್ಲೇ ನಮೂದಿಸಬೇಕು. ತಯಾರಕರು ಅಳೆದು ವರದಿ ನೀಡಬೇಕು. ವಿವಾದ ಬಂದಾಗ ಇಬ್ಬರನ್ನೂ ಕಾಯುವುದು ಹೊಳಪಲ್ಲ, ಕಾಗದದ ಮೇಲಿನ ಅಂಕಿ.